ಇಬ್ನು ಬತೂತ: ಮಂಗಳೂರಿನಿಂದ ಸಹಾರಾದವರೆಗೆ

ಮಣ್ಣಗುಡ್ಡದಿಂದ ಸುಲ್ತಾನ್ ಬತ್ತೇರಿಯ ಕಡೆಗೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಹೊಳೆ ಕಾಣುತ್ತದೆ. ಮಳೆ, ಹೊಳೆ, ಕಡಲು ಮೂರನ್ನೂ ಕಂಡು ಬೆಳೆದ ನಿಮಗೆ ನೀರಿಲ್ಲದ ನಾಡಿನ ಬದುಕನ್ನು ಊಹಿಸುವುದು ಕಷ್ಟ. ನಮ್ಮ ಮಂಗಳೂರನ್ನೂ ಸಹಾರಾ ಮರುಭೂಮಿಯನ್ನೂ ಕಣ್ಣಾರೆ ಕಂಡು, ಎರಡನ್ನೂ ದಾಖಲಿಸಿ ಹೋದವರು ಇಬ್ನು ಬತೂತ.

1304ರಲ್ಲಿ ಮೊರೊಕ್ಕೋದ ತಾಂಜೀರ್ ಪಟ್ಟಣದಲ್ಲಿ, ನ್ಯಾಯವಿದರ ಮನೆತನದಲ್ಲಿ ಅವರು ಹುಟ್ಟಿದರು. 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಹಜ್ಜ್ ಯಾತ್ರೆಗೆ ಒಂಟಿಯಾಗಿ ಹೊರಟರು. ತವರಿಗೆ ಮರಳಿದ್ದು 1349ರಲ್ಲಿ. ಅಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಹೋಗಿದ್ದರು.

ಈ ನಡುವೆ ಅವರು ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಆಳ್ವಿಕೆಯಲ್ಲಿ ಖಾಝಿಯಾಗಿದ್ದರು. 1342ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ನಮ್ಮ ಕರಾವಳಿಗೆ ಬಂದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ದಾಖಲಿಸಿದರು. ಮಂಗಳೂರಿನಲ್ಲಿ ಪಾರಸ, ಯಮನ್ ದೇಶಗಳ ವರ್ತಕರನ್ನೂ, ಕರಿಮೆಣಸು ಮತ್ತು ಶುಂಠಿಯ ಸಮೃದ್ಧಿಯನ್ನೂ, ಸುಮಾರು 4,000 ಮುಸ್ಲಿಮರು ವಾಸಿಸುತ್ತಿದ್ದ ಕೇರಿಯನ್ನೂ ಕಂಡರು. ಪಾಠ ಹೇಳುತ್ತಿದ್ದ ಇಲ್ಲಿನ ಖಾಝಿ ಬದ್ರುದ್ದೀನರ ಆಗ್ರಹದ ಮೇರೆಗೆ ಹಡಗಿನಿಂದಿಳಿದು ಮೂರು ದಿನ ತಂಗಿದರು.

ಇಷ್ಟು ತಿರುಗಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1352ರ ಆರಂಭದಲ್ಲಿ ಸಿಜಿಲ್ಮಾಸಾದಿಂದ ಒಂಟೆಗಳ ಸಾರ್ಥದೊಂದಿಗೆ ಸಹಾರಾಕ್ಕೆ ಇಳಿದರು. 25 ದಿನಗಳ ನಂತರ ತಘಾಝಾ ಸಿಕ್ಕಿತು. ಅಲ್ಲಿ ಒಂದು ಮರವೂ ಇಲ್ಲ. ಮನೆಗಳೂ ಮಸೀದಿಯೂ ಉಪ್ಪಿನ ಹಲಗೆಗಳವು. ಮಾಡಿಗೆ ಒಂಟೆಯ ಚರ್ಮ. ಕುಡಿಯುವ ನೀರೂ ಉಪ್ಪುಪ್ಪು. ಖರ್ಜೂರ, ಒಂಟೆಯ ಮಾಂಸ, ದೂರದಿಂದ ಬರುವ ಕಿರುಧಾನ್ಯ, ಇವಿಷ್ಟೇ ಆಹಾರ. ನೆಲ ಅಗೆದು ಉಪ್ಪು ತೆಗೆಯುತ್ತಿದ್ದವರು ಗುಲಾಮರು. ಅದೇ ಉಪ್ಪಿನ ಒಂದು ಒಂಟೆ ಹೊರೆಗೆ ವಲಾತದಲ್ಲಿ 8ರಿಂದ 10 ಮಿಸ್ಕಾಲ್ ಚಿನ್ನ, ಮಾಲಿಯ ರಾಜಧಾನಿಯಲ್ಲಿ 20ರಿಂದ 30 ಮಿಸ್ಕಾಲ್. ಲಾಭ ಯಾರ ಕೈ ಸೇರುತ್ತಿತ್ತು, ಬೆವರು ಯಾರದಾಗಿತ್ತು ಎಂಬುದನ್ನು ನೀವೇ ಯೋಚಿಸಿ.

ಮುಂದಿನ ಹಾದಿ ಇನ್ನೂ ಕಠಿಣ. ಜೊತೆಗಾರನೊಡನೆ ಜಗಳವಾಡಿ ಹಿಂದುಳಿದ ಒಬ್ಬ ಮತ್ತೆ ಸಿಗಲೇ ಇಲ್ಲ. ವಲಾತಕ್ಕೆ ಮುಂಚಿತವಾಗಿ ಸುದ್ದಿ ಒಯ್ಯಲು ಮಸ್ಸೂಫಾ ಬುಡಕಟ್ಟಿನ ದಾರಿಗಾರನೊಬ್ಬನನ್ನು 100 ಮಿಸ್ಕಾಲ್ ಚಿನ್ನ ಕೊಟ್ಟು ಗೊತ್ತುಮಾಡುತ್ತಿದ್ದರು. ಸುದ್ದಿ ತಲುಪಿದರೆ ಅಲ್ಲಿನವರು ನಾಲ್ಕು ದಿನಗಳ ದಾರಿ ಎದುರು ಬಂದು ನೀರು ಕೊಡುತ್ತಿದ್ದರು. ಅವನು ನಡುದಾರಿಯಲ್ಲಿ ಸತ್ತರೆ ಇಡೀ ಸಾರ್ಥಕ್ಕೆ ಸಾವೇ ಗತಿ. ಇಬ್ನು ಬತೂತರ ದಾರಿಗಾರನಿಗೆ ಒಂದು ಕಣ್ಣಿರಲಿಲ್ಲ, ಇನ್ನೊಂದು ರೋಗಗ್ರಸ್ತ. ಆದರೂ ಆ ಮರಳನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಗ್ರಂಥದಲ್ಲಿ ಸಿಗದ ಇಂತಹ ವಿದ್ಯೆಗೂ ತಲೆಬಾಗಬೇಕಲ್ಲವೇ?

ಫೆಜ್ ನಗರಕ್ಕೆ ಮರಳಿದ ಬಳಿಕ ಸುಲ್ತಾನನ ಅಪ್ಪಣೆಯಂತೆ ಅವರು ತಮ್ಮ ನೆನಪುಗಳನ್ನು ಹೇಳಿದರು, ಇಬ್ನು ಜುಝಯ್ ಬರೆದುಕೊಂಡರು. 1355ರಲ್ಲಿ ಆ ಗ್ರಂಥ ಮುಗಿಯಿತು. ಆ ಕೆಲಸ ನಡೆಯದಿದ್ದರೆ ತಘಾಝಾದ ಉಪ್ಪಿನ ಮನೆಗಳಾಗಲಿ, ಹೊನ್ನಾವರದ ಹೆಣ್ಣುಮಕ್ಕಳ ಪಾಠಶಾಲೆಗಳಾಗಲಿ ಇಂದು ನಮಗೆ ಹೀಗೆ ತಿಳಿಯುತ್ತಿರಲಿಲ್ಲ.

ನಿಮ್ಮಲ್ಲಿ ಹಲವರ ತಂದೆ, ಅಣ್ಣಂದಿರು, ಮಾವಂದಿರು ಗಲ್ಫಿನ ಮರಳುನಾಡಿನಲ್ಲಿ ದುಡಿದವರು. ರಜೆಯಲ್ಲಿ ಬಂದಾಗ ಅವರು ತಂದದ್ದೇನು ಎಂದು ಕೇಳುತ್ತೀರಿ. ಇನ್ನು ಮುಂದೆ ಅವರು ಕಂಡದ್ದೇನು ಎಂದೂ ಕೇಳಿರಿ, ಕೇಳಿದ್ದನ್ನು ಬರೆದಿಡಿರಿ.