ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು

ನಮ್ಮ ದೊಡ್ಡಬಳ್ಳಾಪುರವು ಮಗ್ಗದ ಊರೆಂದು ಪ್ರಸಿದ್ಧವಾಗಿದೆ. ಬಣ್ಣಬಣ್ಣದ ನೂಲನ್ನು ಕಣ್ತುಂಬ ಕಾಣುವ ಈ ಊರಿನಲ್ಲಿಯೇ 1910ರಲ್ಲಿ ರುಮಾಲೆ ಚನ್ನಬಸವಯ್ಯನವರು ಜನಿಸಿದರು. ವರ್ಣಗಳಲ್ಲಿ ಅವರಿಗಿದ್ದ ಮೋಹವು ಆ ಮಗ್ಗಗಳಿಂದಲೇ ಬಂದಿತೋ ಏನೋ. ಹಾಗೆಂದು ಊಹಿಸುವುದು ನಮಗಂತೂ ಪ್ರಿಯವಾಗಿದೆ.

ಅ. ನ. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿಯೂ, ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿಯೂ ಅವರು ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಕೈ ಪಳಗುತ್ತಿದ್ದ ಕಾಲಕ್ಕೇ ದೇಶದಲ್ಲಿ ಸ್ವಾತಂತ್ರ್ಯದ ಕರೆಯೆದ್ದಿತು. ತರುಣನು ಕುಂಚವನ್ನು ಕೆಳಗಿಟ್ಟು ಗಾಂಧೀಜಿಯವರ ಮಾರ್ಗವನ್ನು ಹಿಡಿದನು, ಸೇವಾದಳದಲ್ಲಿ ದುಡಿದನು, ಸೆರೆಮನೆಯನ್ನೂ ಕಂಡನು. ತರುವಾಯ ತಾಯಿನಾಡು ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ. ಹೀಗೆ ಸುಮಾರು ಮೂವತ್ತು ವರ್ಷಗಳು ಸಂದುಹೋದವು. ಕಲಾವಿದನಿಗೆ ಇದು ಸಣ್ಣ ನಷ್ಟವಲ್ಲ.

ಆದರೆ 1960ರ ದಶಕದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ರಾಜಕೀಯವನ್ನು ತೊರೆದು ಮತ್ತೆ ಬಣ್ಣದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು. ಅಧಿಕಾರದ ಸಮೀಪಕ್ಕೆ ಹೋದವರು ಹಾಗೆ ಹಿಂದಿರುಗುವುದು ಅಪರೂಪವೆಂಬುದನ್ನು ವಾಚಕರೇ ಬಲ್ಲರು.

ಕೋಣೆಯೊಳಗೆ ಕುಳಿತು ನೆನಪಿನಿಂದ ಬರೆಯುವುದು ಅವರ ಪದ್ಧತಿಯಾಗಿರಲಿಲ್ಲ. ಫ್ರಾನ್ಸ್ ದೇಶದ ಇಂಪ್ರೆಷನಿಸ್ಟ್ ಚಿತ್ರಕಾರರಂತೆ ಬಯಲಿನ ಬೆಳಕಿನಲ್ಲಿಯೇ ನಿಂತು, ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಕಂಡುದನ್ನು ಕಂಡಂತೆ ಬರೆದರು. ಬೆಂಗಳೂರಿನ ಬೀದಿಗಳು, ಉದ್ಯಾನಗಳು, ಎಲ್ಲಕ್ಕೂ ಮಿಗಿಲಾಗಿ ಹೂಬಿಟ್ಟ ಮರಗಳು ಅವರಿಗೆ ವಸ್ತುವಾದವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಮಹಾಶಯರು ಒಂದರ ಹಿಂದೆ ಒಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದ್ದರಷ್ಟೆ. ನೇರಿಳೆ ಬಣ್ಣದ ಜಕರಂಡ, ಬೇಸಗೆಯಲ್ಲಿ ಬೆಂಕಿಯಂತೆ ಉರಿಯುವ ಗುಲ್‌ಮೊಹರ್, ಇವೆಲ್ಲ ರುಮಾಲೆಯವರ ಪಟಗಳಲ್ಲಿ ದಪ್ಪನೆಯ ಬಣ್ಣದ ತುಣುಕುಗಳಾಗಿ ಮಿನುಗುತ್ತವೆ. ಹತ್ತಿರ ನಿಂತರೆ ಬರಿಯ ಕಲೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲು, ನೆರಳು, ದಾರಿ. ಚಿತ್ರ ಬಿಡಿಸುವ ನಮ್ಮ ಹುಡುಗಿಯರು ಇದನ್ನು ಒಮ್ಮೆ ಪರೀಕ್ಷಿಸಿ ನೋಡತಕ್ಕದ್ದು.

ಅವರು 1988ರಲ್ಲಿ ಕಾಲವಾದರು. ಆಮೇಲೆ ನಗರವು ಬೆಳೆಯಿತು. ರಸ್ತೆಗಳನ್ನು ಅಗಲಿಸುವುದಕ್ಕಾಗಿ ಅನೇಕ ಸಾಲುಮರಗಳನ್ನು ಕಡಿದರು. ಆ ದಾರಿಗಳಲ್ಲಿ ನಡೆದು ಶಾಲೆ ಕಾಲೇಜುಗಳಿಗೆ ಹೋದ ಹಿರಿಯರು ರುಮಾಲೆಯವರ ಪಟದ ಮುಂದೆ ನಿಂತರೆ, ಇದು ಇಂಥ ತಿರುವು, ಅದು ಇಂಥ ಮರ ಎಂದು ಬೆರಳಿಟ್ಟು ತೋರಿಸಬಲ್ಲರು.