ವಿಂಡ್ಸರ್ ಅರಮನೆಯ ಮನೆಅಳಿಯ

ಮನೆಅಳಿಯನ ಪಾಡು ಎಂಥದೆಂಬುದನ್ನು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಉಣ್ಣಲು ಉಡಲು ಕೊರತೆಯಿರದು. ಆದರೆ ಅವನ ಮಾತಿಗೆ ಆ ಮನೆಯಲ್ಲಿ ತೂಕವಿಲ್ಲ. ಹಬ್ಬ ಬಂದರೆ ಅದು ಹೆಂಡತಿಯ ಮನೆಯ ಹಬ್ಬ. ಅಡಿಗೆ ಅವರ ವಾಡಿಕೆಯ ಅಡಿಗೆ. ಹತ್ತೊಂಬತ್ತನೆಯ ಶತಮಾನದ ಮಹಾ ಸಾಮ್ರಾಜ್ಯವೊಂದರ ರಾಣಿಯ ಕೈಹಿಡಿದ ಜರ್ಮನ್ ರಾಜಕುಮಾರನೂ ಈ ಪಾಡಿನಿಂದ ಪಾರಾಗಲಿಲ್ಲ. ವಿಕ್ಟೋರಿಯಾ ರಾಣಿಯ ಪತಿಯಾದ ಆಲ್ಬರ್ಟನನ್ನು ಚರಿತ್ರೆಯು 1851ರ ಮಹಾ ವಸ್ತುಪ್ರದರ್ಶನದ ಪ್ರೇರಕನೆಂದು, ಕಲೆ ವಿಜ್ಞಾನಗಳ ಪೋಷಕನೆಂದು ನೆನೆಯುತ್ತದೆ. ಆದರೆ ಇಂಗ್ಲೆಂಡಿನ ಸಾಮಾನ್ಯರ ಮನೆಯೊಳಕ್ಕೆ ಆತನಿಗೆ ಪ್ರವೇಶ ದೊರೆತದ್ದು ಬೇರೊಂದು ಬಾಗಿಲಿನಿಂದ. ವರ್ಷಕ್ಕೊಮ್ಮೆ ಬರುವ ಕ್ರಿಸ್‌ಮಸ್ ಹಬ್ಬವೇ ಆ ಬಾಗಿಲು.

ಆಲ್ಬರ್ಟ್ ಹುಟ್ಟಿದ್ದು 1819ರ ಆಗಸ್ಟ್ 26ರಂದು, ಜರ್ಮನಿಯ ಕೋಬರ್ಗ್ ಪಟ್ಟಣದ ಬಳಿಯ ರೋಸೆನೌ ಎಂಬ ಪುಟ್ಟ ಅರಮನೆಯಲ್ಲಿ. ತಂದೆ ಒಂದು ಸಣ್ಣ ಸಂಸ್ಥಾನದ ಡ್ಯೂಕ್. ಹುಡುಗನಿಗೆ ಐದು ವರ್ಷ ತುಂಬಿದ 1824ರಲ್ಲಿ ತಂದೆತಾಯಿ ಬೇರೆಯಾದರು. ಮನೆ ಬಿಟ್ಟು ಹೋದ ತಾಯಿ ಲೂಯಿಸೆಯನ್ನು ಆತ ಮತ್ತೆಂದೂ ಕಾಣಲಿಲ್ಲ. ಆಕೆ 1831ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡಳು. ಒಂದು ವರ್ಷ ಹಿರಿಯನಾದ ಅಣ್ಣನೊಬ್ಬನೇ ಬಾಲ್ಯದ ಸಂಗಾತಿ. ಹೀಗೆ ಒಡೆದ ಮನೆಯಲ್ಲಿ ಬೆಳೆದವನು ಮುಂದೆ ತನ್ನ ಮಕ್ಕಳಿಗಾಗಿ ತುಂಬಿದ ಮನೆಯೊಂದನ್ನು ಕಟ್ಟಲು ಅಷ್ಟೊಂದು ಶ್ರದ್ಧೆ ವಹಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1840ರ ಫೆಬ್ರವರಿ 10ರಂದು ಲಂಡನ್ನಿನಲ್ಲಿ ವಿವಾಹ ನಡೆಯಿತು. ವಿಕ್ಟೋರಿಯಾಳ ತಾಯಿ ಆಲ್ಬರ್ಟನ ತಂದೆಯ ತಂಗಿ. ನಮ್ಮ ಸಂಬಂಧದ ಲೆಕ್ಕದಲ್ಲಿ ಆತ ಅವಳಿಗೆ ಸೋದರಮಾವನ ಮಗ. ಒಲಿದು ವರಿಸಿದ ಹೆಂಡತಿಯೇನೋ ದೊರೆತಳು, ಆದರೆ ದೇಶ ಒಲಿಯಲಿಲ್ಲ. ಆತನ ವಾರ್ಷಿಕ ವೇತನಕ್ಕೆಂದು ಸರಕಾರ ಸೂಚಿಸಿದ 50,000 ಪೌಂಡುಗಳನ್ನು ಪಾರ್ಲಿಮೆಂಟು 30,000ಕ್ಕೆ ಇಳಿಸಿತು. ಬಡ ಜರ್ಮನ್ ಸಂಸ್ಥಾನದಿಂದ ಹಣವಂತ ಹೆಣ್ಣನ್ನು ಅರಸಿ ಬಂದವನೆಂದು ಬೀದಿಯ ಹಾಡುಗಳೂ ವ್ಯಂಗ್ಯಚಿತ್ರಗಳೂ ಅಣಕಿಸಿದವು. 1854ರ ಆರಂಭದಲ್ಲಿ, ಕ್ರಿಮಿಯಾ ಯುದ್ಧದ ಕಾವು ಏರುತ್ತಿದ್ದಾಗ, ಆತನನ್ನು ರಾಜದ್ರೋಹಕ್ಕಾಗಿ ಲಂಡನ್ ಟವರಿನ ಸೆರೆಮನೆಗೆ ಕಳುಹಿಸಲಾಗಿದೆ ಎಂಬ ಸುಳ್ಳು ವದಂತಿಯೂ ಹಬ್ಬಿತು. ರಾಣಿಯ ಪತಿಯೆಂಬ ಅಧಿಕೃತ ಬಿರುದು ಆತನಿಗೆ ಸಂದದ್ದು 1857ರಲ್ಲಿ, ಮದುವೆಯಾಗಿ ಹದಿನೇಳು ವರ್ಷಗಳ ಮೇಲೆ.

ಹೊರಗೆ ಇಷ್ಟು ಬಿಗಿಯಾಗಿದ್ದ ನಾಡಿನಲ್ಲಿ ಆಲ್ಬರ್ಟ್ ತನ್ನ ಊರನ್ನು ಒಳಗೆ, ಮನೆಯಲ್ಲಿ, ಕಟ್ಟಿಕೊಂಡನು. ಕ್ರಿಸ್‌ಮಸ್ ಮರವನ್ನು ಇಂಗ್ಲೆಂಡಿಗೆ ಮೊದಲು ತಂದವನು ಆತನೇ ಎಂಬ ನಂಬಿಕೆಯುಂಟು, ಅದು ನಿಜವಲ್ಲ. ಮೂರನೆಯ ಜಾರ್ಜ್ ದೊರೆಯ ಜರ್ಮನ್ ಪತ್ನಿ ಷಾರ್ಲಟ್ ರಾಣಿ 1800ರಲ್ಲಿಯೇ ವಿಂಡ್ಸರಿನಲ್ಲಿ ಅಂಥ ಮರವನ್ನು ನಿಲ್ಲಿಸಿದ್ದಳು. ಬಾಲೆ ವಿಕ್ಟೋರಿಯಾ 1832ರಲ್ಲಿ ದೀಪಗಳಿಂದಲೂ ಸಕ್ಕರೆಯ ಗೊಂಬೆಗಳಿಂದಲೂ ಅಲಂಕೃತವಾದ ಮರಗಳನ್ನು ಕಂಡುದಾಗಿ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಅಲ್ಲಿಯವರೆಗೆ ಅದು ಆಸ್ಥಾನದ ಒಂದು ವಿನೋದ ಮಾತ್ರ. ಅದನ್ನು ಸಂಸಾರದ ಹಬ್ಬದ ನಡುಗಂಬವಾಗಿ ಮಾಡಿದ್ದು ಆಲ್ಬರ್ಟನ ಕೆಲಸ. ಹಿರಿಯ ಮಗಳು 1840ರ ನವೆಂಬರಿನಲ್ಲಿಯೂ ಹಿರಿಯ ಮಗ 1841ರ ನವೆಂಬರಿನಲ್ಲಿಯೂ ಹುಟ್ಟಿದರು. ಆ ಎರಡನೆಯ ವರ್ಷದ ಹಬ್ಬದಂದು ಆತ ಕೋಬರ್ಗಿನ ತಂದೆಗೆ ಪತ್ರ ಬರೆದು, ತಾನೂ ಅಣ್ಣನೂ ಹಬ್ಬಕ್ಕಾಗಿ ಕಾತರಿಸುತ್ತಿದ್ದ ದಿನಗಳನ್ನು ನೆನೆದು, ಈಗ ತನ್ನ ಎಳೆಯ ಮಕ್ಕಳಿಬ್ಬರು ಜರ್ಮನ್ ಮರದ ದೀಪಗಳನ್ನು ಕಂಡು ಬೆರಗಾಗಿರುವುದನ್ನು ತಿಳಿಸಿದನು.

ಎರಡು ನಾಡುಗಳ ಸಂಪ್ರದಾಯಗಳು ಅರಮನೆಯಲ್ಲಿ ಜಗಳವಾಡದೆ ದಿನಗಳನ್ನು ಹಂಚಿಕೊಂಡ ಬಗೆ ಸ್ವಾರಸ್ಯವಾಗಿದೆ. ಡಿಸೆಂಬರ್ 24ರ ಸಂಜೆ ಜರ್ಮನಿಗೆ ಸಲ್ಲುತ್ತಿತ್ತು. ಉಡುಗೊರೆಗಳನ್ನು ಮೇಜುಗಳ ಮೇಲೆ ಹರಡಿ ಆ ಸಂಜೆಯೇ ಹಂಚುವುದು ಅಲ್ಲಿಯ ಪದ್ಧತಿ. ಮಾರನೆಯ ದಿನ ಇಂಗ್ಲೆಂಡಿನದು: ಬೆಳಗ್ಗೆ ಪ್ರಾರ್ಥನೆ, ಆಮೇಲೆ ಮಹಾಭೋಜನ. ದನದ ಬೆನ್ನಿನ ಎರಡೂ ಪಾರ್ಶ್ವಗಳನ್ನು ಬೇರ್ಪಡಿಸದೆ ಇಡಿಯಾಗಿ ಬೆಂಕಿಯೆದುರು ಬೇಯಿಸಿದ, ನೂರಾರು ಪೌಂಡು ತೂಗುವ ಬ್ಯಾರನ್, ಕಾಡುಹಂದಿಯ ತಲೆ, ಐರ್ಲೆಂಡಿನ ರಾಜಪ್ರತಿನಿಧಿ ಕಳುಹಿಸುತ್ತಿದ್ದ ಹಕ್ಕಿಮಾಂಸದ ಕಡುಬು, ಒಣದ್ರಾಕ್ಷಿ ಮಸಾಲೆಗಳ ಪ್ಲಮ್ ಪುಡಿಂಗ್, ಇವು ಆ ದಿನದ ವೈಭವ. ಸಂಜೆಯ ಸವಿ ಮಾತ್ರ ಮರದ ಕೊಂಬೆಗಳಲ್ಲಿ ತೂಗಾಡುತ್ತಿತ್ತು.

ಆ ಮರದ ರೂಪ ನಮಗೆ ತಿಳಿದಿರುವುದು 1848ರ ಡಿಸೆಂಬರಿನಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ಅಚ್ಚುಹಾಕಿದ ಚಿತ್ರ ಮತ್ತು ವರ್ಣನೆಗಳಿಂದ. ಎಂಟು ಅಡಿ ಎತ್ತರದ ಎಳೆಯ ಫರ್ ಮರ; ಆರು ಅಂತಸ್ತುಗಳ ಕೊಂಬೆಗಳು; ಒಂದೊಂದರಲ್ಲೂ ಹನ್ನೆರಡು ಮೇಣದ ದೀಪಗಳು. ಬಣ್ಣದ ಪಟ್ಟಿಗಳಿಂದ ತೂಗುಬಿಟ್ಟ ಮಿಠಾಯಿಯ ಬುಟ್ಟಿಗಳು, ಚಿನ್ನದ ಹಾಳೆ ಮೆತ್ತಿದ ಶುಂಠಿ ರೊಟ್ಟಿಗಳು, ಸಿಹಿ ತುಂಬಿದ ಮೊಟ್ಟೆಗಳು. ತುದಿಯಲ್ಲಿ ರೆಕ್ಕೆ ಬಿಚ್ಚಿದ ದೇವದೂತ. ಮರದ ಸುತ್ತ ರಾಣಿ, ಆಕೆಯ ಪತಿ, ಮಕ್ಕಳು. ಸಿಂಹಾಸನವಿಲ್ಲ, ಕಿರೀಟಧಾರಣೆಯ ಆಡಂಬರವಿಲ್ಲ. ತಂದೆತಾಯಿಮಕ್ಕಳ ಒಂದು ಮನೆ. ಈ ಚಿತ್ರವನ್ನು ಕಂಡ ಮಧ್ಯಮವರ್ಗದ ಕುಟುಂಬಗಳು ತಾವೂ ಮರ ನಿಲ್ಲಿಸತೊಡಗಿದವು. 1850ರಲ್ಲಿ ಅಮೆರಿಕದ ಪತ್ರಿಕೆಯೊಂದು ಇದೇ ಚಿತ್ರವನ್ನು ಮತ್ತೆ ಮುದ್ರಿಸಿತು. ಆದರೆ ರಾಣಿಯ ಶಿರೋಭೂಷಣವನ್ನೂ ಆಲ್ಬರ್ಟನ ಮೀಸೆಯನ್ನೂ ತೆಗೆದುಹಾಕಿ, ಅವರನ್ನು ಒಂದು ಅಮೆರಿಕನ್ ಸಂಸಾರವಾಗಿ ಮಾರ್ಪಡಿಸಿತ್ತು! ಪರದೇಶಿಯ ಹಬ್ಬ ಬೇಕು, ಪರದೇಶಿಯ ಗುರುತು ಬೇಡ: ಆಲ್ಬರ್ಟನ ಬಾಳಿನ ವಿಪರ್ಯಾಸವೆಲ್ಲ ಆ ಒಂದು ಚಿತ್ರದಲ್ಲಿ ಅಡಗಿದೆ.

ಅಡಿಗೆಯ ಮನೆಯಲ್ಲಿ ಮಾತ್ರ ಇಂಥ ಮುಚ್ಚುಮರೆ ನಡೆಯಲಿಲ್ಲ. ಮದುವೆಯ ಮೊದಲ ವರ್ಷಗಳಲ್ಲಿ ರಾಣಿಯ ಮುಖ್ಯ ಬಾಣಸಿಗನಾಗಿದ್ದವನು ಚಾರ್ಲ್ಸ್ ಎಲ್ಮೆ ಫ್ರಾಂಕಟೆಲ್ಲಿ. ಆತ ಇಟಾಲಿಯನ್ ಮೂಲದವನು. ಹುಟ್ಟಿದ್ದು ಲಂಡನ್ನಿನಲ್ಲಿ, ವಿದ್ಯೆ ಕಲಿತದ್ದು ಫ್ರಾನ್ಸಿನಲ್ಲಿ. 1846ರಲ್ಲಿ ಪ್ರಕಟವಾದ ತನ್ನ ಪಾಕಗ್ರಂಥದಲ್ಲಿ ಆತ ಅಪ್ಪಟ ಇಂಗ್ಲಿಷ್ ಭಕ್ಷ್ಯವಾದ ಪ್ಲಮ್ ಪುಡಿಂಗಿನ ಮೇಲೆ ಜರ್ಮನ್ ಕಸ್ಟರ್ಡನ್ನು ಹೊಯ್ಯಬೇಕೆಂದು ವಿಧಿಸುತ್ತಾನೆ. ಮೊಟ್ಟೆಯ ಹಳದಿ, ಸಕ್ಕರೆ, ದ್ರಾಕ್ಷಾಸವಗಳನ್ನು ಸಣ್ಣ ಉರಿಯ ಮೇಲೆ ನೊರೆ ಏಳುವಂತೆ ಕಡೆದು ಮಾಡಿದ ಹಗುರವಾದ ರಸ ಅದು. ಕೆಳಗೆ ಇಂಗ್ಲೆಂಡು, ಮೇಲೆ ಜರ್ಮನಿ. ಬಡಿಸುವವನು ಇಟಲಿಯ ಕುಲದವನು. ರಾಜಕೀಯದಲ್ಲಿ ಅಷ್ಟು ಕಷ್ಟವಾದ ಸಮನ್ವಯವು ಬಟ್ಟಲಿನಲ್ಲಿ ಎಷ್ಟು ಸುಲಭವಾಗಿ ಸಾಧಿಸಿತು!

ಆದರೆ ತನ್ನೂರಿನ ಹಬ್ಬವನ್ನು ಹೊತ್ತು ತರುವ ಭಾಗ್ಯ ಪರನಾಡಿಗೆ ಬಂದ ಎಲ್ಲರಿಗೂ ಇರುವುದಿಲ್ಲ. ಇಲ್ಲಿ ಕನ್ನಡಿಗರು ಮರೆಯಲಾಗದ ಒಂದು ಹೆಸರಿದೆ. ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ಅರಸು ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಆ ವರ್ಷದ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆ ಬಾಲಿಕೆಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ಆ ಬಳಿಕ ಆಕೆ ಬೆಳೆದದ್ದು ಇಂಗ್ಲಿಷ್ ಕುಟುಂಬಗಳ ಆಸರೆಯಲ್ಲಿ. ತೀರಿಕೊಂಡದ್ದು 1864ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿಯೇ. ಆಲ್ಬರ್ಟನ ಪಾಲಿಗೆ ಕೋಬರ್ಗಿನ ಮರ ವಿಂಡ್ಸರಿನಲ್ಲಿ ಬೆಳಗಿತು. ಗೌರಮ್ಮನ ಪಾಲಿಗೆ ಮಡಿಕೇರಿಯ ಹುತ್ತರಿಯ ದೀಪವನ್ನು ಹಚ್ಚುವವರಿರಲಿಲ್ಲ. ಸಂಪ್ರದಾಯಗಳು ಬೆರೆಯಬೇಕಾದರೆ ಬೆರೆಸುವವನ ಕೈಯಲ್ಲಿ ಸ್ವಲ್ಪವಾದರೂ ಅಧಿಕಾರವಿರಬೇಕು. ಇಲ್ಲವಾದರೆ ಒಂದು ಮತ್ತೊಂದನ್ನು ನುಂಗುತ್ತದೆ.

1858ರ ಜನವರಿಯಲ್ಲಿ ಆಲ್ಬರ್ಟನ ಮುದ್ದಿನ ಹಿರಿಯ ಮಗಳು ಪ್ರಷ್ಯದ ರಾಜಕುಮಾರನ ಕೈಹಿಡಿದು ಬರ್ಲಿನ್ನಿಗೆ ಹೊರಟಳು. ಜರ್ಮನಿಯಿಂದ ಬಂದ ತಂದೆಗೆ ಇಂಗ್ಲೆಂಡು ಪರದೇಶವಾಗಿದ್ದರೆ, ಇಂಗ್ಲೆಂಡಿನಲ್ಲಿ ಹುಟ್ಟಿದ ಮಗಳಿಗೆ ಜರ್ಮನಿಯೇ ಪರದೇಶವಾಯಿತು. 1860ರ ಹಬ್ಬದಲ್ಲಿ ವಿಂಡ್ಸರಿನ ಖಾಸಗಿ ಕೋಣೆಗಳ ತೂಗುದೀಪಗಳನ್ನು ಇಳಿಸಿ ಅವುಗಳ ಜಾಗದಲ್ಲಿ ದೀಪಾಲಂಕೃತ ಮರಗಳನ್ನು ತೂಗುಹಾಕಲಾಗಿತ್ತು. ಆಲ್ಬರ್ಟ್ ಕಂಡ ಕೊನೆಯ ಕ್ರಿಸ್‌ಮಸ್ ಅದು. ಮರುವರ್ಷದ ಡಿಸೆಂಬರಿನಲ್ಲಿ, ಕಾಯಿಲೆಯಲ್ಲಿಯೂ, ಅಮೆರಿಕದೊಡನೆ ಯುದ್ಧಕ್ಕೆಡೆಮಾಡಬಹುದಾಗಿದ್ದ ಸರಕಾರಿ ಪತ್ರವೊಂದರ ಮಾತುಗಳನ್ನು ಮೃದುಗೊಳಿಸಿ ತಿದ್ದಿದ್ದು ಆತನ ಕೊನೆಯ ರಾಜಕಾರ್ಯ. 1861ರ ಡಿಸೆಂಬರ್ 14ರಂದು, ಹಬ್ಬಕ್ಕೆ ಹನ್ನೊಂದು ದಿನಗಳಿರುವಾಗ, ನಲವತ್ತೆರಡನೆಯ ವಯಸ್ಸಿನಲ್ಲಿ ಆತ ವಿಂಡ್ಸರಿನಲ್ಲಿ ಕಣ್ಮುಚ್ಚಿದನು. ವೈದ್ಯರು ವಿಷಮಶೀತಜ್ವರವೆಂದರು.

ವಿಧವೆಯಾದ ರಾಣಿಗೆ ವಿಂಡ್ಸರಿನಲ್ಲಿ ಆ ಹಬ್ಬವನ್ನು ಎದುರಿಸುವುದು ಅಸಾಧ್ಯವಾಯಿತು. ಆಕೆ ವೈಟ್ ದ್ವೀಪದ ಆಸ್ಬರ್ನ್ ಮನೆಗೆ ಹೊರಟುಹೋದಳು. ಮುಂದೆ ಬಹುಪಾಲು ಕ್ರಿಸ್‌ಮಸ್‌ಗಳು ಕಳೆದದ್ದು ಅಲ್ಲಿಯೇ. ವಿಂಡ್ಸರಿನ ಒಲೆಗಳಲ್ಲಿ ಬೆಂದ ಬ್ಯಾರನ್ ಅಲ್ಲಿಗೆ ಸಾಗುತ್ತಿತ್ತು. 1887ರಲ್ಲಿ ಆಗ್ರಾದಿಂದ ಸೇವೆಗೆ ಬಂದ ಅಬ್ದುಲ್ ಕರೀಮ್ ರಾಣಿಗೆ ಭಾರತದ ಮಸಾಲೆಯ ಪಲ್ಯ ಸಾರುಗಳ ರುಚಿ ಹತ್ತಿಸಿದನು. 1890-91ರಲ್ಲಿ ಲಾಹೋರಿನ ಶಿಲ್ಪಿ ಭಾಯಿ ರಾಮ್ ಸಿಂಗ್ ಆ ಮನೆಯಲ್ಲಿ ಭಾರತೀಯ ಶೈಲಿಯ ದರ್ಬಾರ್ ಶಾಲೆಯೊಂದನ್ನು ಅಲಂಕರಿಸಿದನು. 1900ರ ಡಿಸೆಂಬರ್ 24ರ ಸಂಜೆ, ಕಣ್ಣಿನ ಬೆಳಕು ಬಹುಮಟ್ಟಿಗೆ ಕುಂದಿದ್ದ ಎಂಬತ್ತೊಂದರ ಮುದುಕಿ ಆ ಶಾಲೆಗೆ ಇಳಿದು ಬಂದಳು. ಪಂಜಾಬಿನ ಕುಶಲಕರ್ಮಿಯ ಚಿತ್ತಾರದ ಗೋಡೆಗಳ ನಡುವೆ, ಇಂಗ್ಲೆಂಡಿನ ನೆಲದಲ್ಲಿ, ಕೋಬರ್ಗಿನ ಮರ ಎಂದಿನಂತೆ ಉರಿಯುತ್ತಿತ್ತು. ಒಂದು ತಿಂಗಳೊಳಗೆ, 1901ರ ಜನವರಿ 22ರಂದು, ಆಕೆಯೂ ತೀರಿಕೊಂಡಳು. ಮನೆಅಳಿಯ ಇಲ್ಲವಾಗಿ ಆಗಲೇ ಮೂವತ್ತೊಂಬತ್ತು ವರ್ಷಗಳು ಸಂದಿದ್ದವು; ಆತ ತಂದ ಹಬ್ಬ ಮಾತ್ರ ಆ ಹೊತ್ತಿಗೆ ಆ ನಾಡಿನ ಮನೆಮಗನಾಗಿಬಿಟ್ಟಿತ್ತು.