ಅಜ್ಜನ ಪದವಿಪತ್ರ, ಸ್ಕಾಟ್ಲೆಂಡಿನ ವಿಲ್ಸನ್

ಮುಲುಂಡ್‌ನ ನಮ್ಮ ಮನೆಯ ಕಪಾಟಿನಲ್ಲಿ ಅಜ್ಜನ ಬಿ.ಎ. ಪದವಿಪತ್ರವಿದೆ. ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಮುದ್ರೆ ಮಾತ್ರ ಮುಂಬೈ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರಿಗೆಲ್ಲ ಪದವಿ ಇಲ್ಲಿಂದಲೇ ಬರುತ್ತಿತ್ತು. ಆ ಮುದ್ರೆಯ ಬೆನ್ನು ಹತ್ತಿದಾಗ ನನಗೆ ಸಿಕ್ಕವರು ಜಾನ್ ವಿಲ್ಸನ್.

ವಿಲ್ಸನ್ ಹುಟ್ಟಿದ್ದು 1804ರಲ್ಲಿ, ಸ್ಕಾಟ್ಲೆಂಡಿನ ಲಾಡರ್ ಎಂಬ ಊರಿನ ರೈತರ ಮನೆಯಲ್ಲಿ. ಎಡಿನ್‌ಬರೋದಲ್ಲಿ ಓದಿ ಪಾದ್ರಿಯಾದರು. 1829ರ ಫೆಬ್ರುವರಿಯಲ್ಲಿ ಪತ್ನಿ ಮಾರ್ಗರೆಟ್ ಜತೆ ಮುಂಬೈಗೆ ಬಂದಿಳಿದರು. ಕೊಂಕಣದ ಕರಾವಳಿಯಲ್ಲಿ ಕೂತು ಮರಾಠಿ ಕಲಿತರು. ವರ್ಷ ತುಂಬುವ ಮೊದಲೇ ಅದರಲ್ಲಿ ಉಪದೇಶ ಮಾಡತೊಡಗಿದರು. ಆಮೇಲೆ ಗುಜರಾತಿ, ಹಿಂದೂಸ್ತಾನಿ, ಪರ್ಷಿಯನ್, ಸಂಸ್ಕೃತ.

ಮಾರ್ಗರೆಟ್ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ವಿಲ್ಸನ್ 1832ರಲ್ಲಿ ಗಿರ್‌ಗಾಂವ್‌ನಲ್ಲಿ ಆರಂಭಿಸಿದ ಇಂಗ್ಲಿಷ್ ಶಾಲೆಯೇ ಮುಂದೆ ವಿಲ್ಸನ್ ಕಾಲೇಜಾಯಿತು. ಆದರೆ 1835ರಲ್ಲಿ ಮಾರ್ಗರೆಟ್ ತೀರಿಕೊಂಡರು. ಅವರು ಈ ಊರಿನಲ್ಲಿ ಬಾಳಿದ್ದು ಆರೇ ವರ್ಷ.

1839ರಲ್ಲಿ ದೊಡ್ಡ ಗಲಾಟೆಯಾಯಿತು. ಶಾಲೆಯ ಇಬ್ಬರು ಪಾರ್ಸಿ ಹುಡುಗರು ಕ್ರೈಸ್ತರಾದರು. ಸಮುದಾಯ ಕೆರಳಿತು, ಅವರಲ್ಲೊಬ್ಬನಾದ ಧನಜಿಭಾಯಿ ನವರೋಜಿಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತನ್ನ ದಾರಿ ತಾನೇ ಆರಿಸಿಕೊಳ್ಳುವಷ್ಟು ಅವನು ದೊಡ್ಡವನೆಂದು ತೀರ್ಪಾಯಿತು. ವಿಲ್ಸನ್ ಗೆದ್ದರು, ಶಾಲೆ ಸೋತಿತು: ಮಕ್ಕಳನ್ನು ಮನೆಯವರು ಸಾಲುಸಾಲಾಗಿ ಬಿಡಿಸಿಕೊಂಡು ಹೋದರು. ಅಕ್ಷರ ಕಲಿಯಲೆಂದು ಕಳಿಸಿದ ಮಗ ಮನೆಗೇ ಮರಳದಿದ್ದರೆ ಹೆತ್ತವರಿಗೆ ಏನಾಗಬೇಡ? ಇಬ್ಬರು ಮಕ್ಕಳ ತಂದೆಯಾದ ನಾನು ಇಲ್ಲಿ ವಿಲ್ಸನ್ ಪರ ನಿಲ್ಲಲಾರೆ. ಆ ಹುಡುಗನ ಆಯ್ಕೆಯನ್ನು ಅಲ್ಲಗಳೆಯುವುದೂ ನನ್ನಿಂದಾಗದು.

1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆಯಿತು. ವಿಲ್ಸನ್ ಹೊಸ ಫ್ರೀ ಚರ್ಚ್ ಪಕ್ಷ ಹಿಡಿದರು. ಕಟ್ಟಿದ ಶಾಲೆಯ ಆಸ್ತಿ ಹಳೆಯ ಚರ್ಚಿಗೇ ಉಳಿಯಿತು. ಇವರು ಮತ್ತೆ ಮೊದಲಿನಿಂದ ಶುರು ಮಾಡಿದರು.

ಮತಪ್ರಚಾರಕ್ಕೆ ಬಂದವರಾದರೂ ಅವರ ವಿದ್ವತ್ತು ಅಲ್ಲಿಗೇ ನಿಲ್ಲಲಿಲ್ಲ. ಏಷ್ಯಾಟಿಕ್ ಸೊಸೈಟಿಯ ಮುಂಬೈ ಶಾಖೆಗೆ ಅಧ್ಯಕ್ಷರಾದರು, ಗಿರ್ನಾರದ ಅಶೋಕ ಶಾಸನದ ಪ್ರತಿ ಮಾಡಿಸಿದರು, ಗುಹಾಲಯಗಳ ಅಧ್ಯಯನಕ್ಕೆ ದುಡಿದರು. 1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ರೂಪುಗೊಂಡಾಗ ಜತೆಗಿದ್ದರು. 1868ರಲ್ಲಿ ಅದರ ಕುಲಪತಿಯಾದರು. 1875ರ ಡಿಸೆಂಬರ್ 1ರಂದು ಇದೇ ಊರಿನಲ್ಲಿ ತೀರಿಕೊಂಡರು.

ಕಳೆದ ಭಾನುವಾರ ಮುಲುಂಡ್‌ನಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಗಾಡಿ ಬದಲಿಸಿ ಚರ್ನಿ ರೋಡಿನಲ್ಲಿ ಇಳಿದೆ. ಚೌಪಾಟಿಯ ಎದುರು ವಿಲ್ಸನ್ ಕಾಲೇಜಿನ ಕಟ್ಟಡ ನೋಡುತ್ತ ನಿಂತೆ. ಅದು ಎದ್ದದ್ದು ಅವರು ಹೋದ ಮೇಲೆ, 1889ರಲ್ಲಿ.

ಹನ್ನೆರಡು ವರ್ಷಗಳಿಂದ ಇಲ್ಲಿದ್ದೇನೆ. ತರಕಾರಿಯವಳ ಜತೆ ನನ್ನದು ಇನ್ನೂ ಹರಕುಮುರುಕು ಹಿಂದಿ. ಮರುದಿನ ಬೆಳಿಗ್ಗೆ ಮೆಂತ್ಯದ ಕಟ್ಟಿಗೆ ಮರಾಠಿಯಲ್ಲೇ ದರ ಕೇಳಿದೆ. ಆಕೆ ನಕ್ಕಳು, ತಿದ್ದಿದಳು, ಎರಡು ಎಳೆ ಕೊತ್ತಂಬರಿ ಹೆಚ್ಚಿಗೆ ಹಾಕಿದಳು.